ಬೈಕ್ ಆಫ್ ಮಾಡದವರು

ಲಿಫ್ಟ್ ರಿಪೇರಿಯವರು ನನ್ನ ಟೈಲರಿಂಗ್ ಅಂಗಡಿಗೆ ಬಂದರೆ ಬೈಕ್ ಆಫ್ ಮಾಡುತ್ತಿರಲಿಲ್ಲ. ಬೀದಿಯ ತುದಿಯಿಂದಲೇ ಆಮೆಯಂತೆ ತೆವಳಿಸಿಕೊಂಡು ಬಂದು, ಒಂದು ಕಾಲನ್ನು ಅಂಗಡಿಯ ಮೆಟ್ಟಿಲಿಗೆ ಊರಿ ನಿಲ್ಲುತ್ತಿದ್ದರು. ಎಂಜಿನ್ ಗುಡುಗುಡು ಅನ್ನುತ್ತಲೇ ಇರುತ್ತಿತ್ತು.

"ಇಲ್ಲೇ ಹೋಗ್ತಿದ್ದೆ. ಪ್ಯಾಂಟ್ ಆಯ್ತಾ ಅಂತ ಕೇಳಿ ಹೋಗೋಣ ಅಂತ."

ಆ ಪ್ಯಾಂಟನ್ನು ಅವರು ಒಮ್ಮೆ ಉದ್ದ ಮಾಡಿಸಿದ್ದರು, ಒಮ್ಮೆ ಗಿಡ್ಡ ಮಾಡಿಸಿದ್ದರು, ಈಗ ಮತ್ತೆ ಉದ್ದ ಮಾಡಲು ಕೊಟ್ಟಿದ್ದರು. ನಾನೂ ಬೇಗ ಮುಗಿಸಿ ಕೊಡುವ ಗೋಜಿಗೆ ಹೋಗಿರಲಿಲ್ಲ.

ಎಂಜಿನ್ ಸದ್ದಿನಲ್ಲಿ ಇಬ್ಬರೂ ಕೂಗಿಯೇ ಮಾತಾಡಬೇಕು. ನನಗೆ ನೀಲಿ ಬಣ್ಣ ಇಷ್ಟ ಎಂಬುದು, ಲಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದ ಅಜ್ಜಿಯೊಬ್ಬರು ಬಿಡಿಸಿದವರಿಗೇ ಬೈದು ಕಳಿಸಿದ್ದು, ಎಲ್ಲವೂ ಎದುರಿನ ಔಷಧಿ ಅಂಗಡಿಗೂ ಮೂಲೆಯ ಸಲೂನಿಗೂ ಬಾಯಿಪಾಠವಾಗಿತ್ತು.

"ಆಫ್ ಮಾಡಿದ್ರೆ ಇವರ ಗಂಟೇನು ಹೋಗುತ್ತೆ?" ಒಳಗೆ ಕೂತು ಗುಂಡಿ ಹೊಲಿಯುತ್ತಿದ್ದ ಚಿಕ್ಕಮ್ಮ ಗೊಣಗುತ್ತಿದ್ದರು.

ಬಿಸಿಲು ನೆತ್ತಿ ಸುಡುತ್ತಿದ್ದ ಒಂದು ಮಧ್ಯಾಹ್ನ, ಮಾತು ಎಂದಿಗಿಂತ ಉದ್ದವಾಯಿತು. ಸುಟ್ಟ ಆಯಿಲಿನ ವಾಸನೆ ಬಂತು. ಎಂಜಿನ್ ಒರಟಾಗಿ ಕೆಮ್ಮಿ ನಿಂತೇ ಹೋಯಿತು. ಗಾಬರಿಯಲ್ಲಿ ಅವರು ಅದನ್ನು ಮುಟ್ಟಿ ಬೆರಳು ಸುಟ್ಟುಕೊಂಡರು.

ನಾನು ನೀರಿನ ಮಗ್ ಹಿಡಿದು ಓಡಿದೆ. ಅವರ ಕೈಯನ್ನು ನೀರಿನಲ್ಲಿ ಅದ್ದಿ ಹಿಡಿದುಕೊಂಡೆ. ಅವರು ಬೆರಳನ್ನು ನೋಡದೆ ನನ್ನನ್ನೇ ನೋಡುತ್ತಿದ್ದರು. ನಾನು ತಲೆಯೆತ್ತಿದ ಕೂಡಲೇ ಮಗ್ಗಿನೊಳಗೆ ಏನೋ ಬಿದ್ದಿದೆ ಎನ್ನುವಂತೆ ಅಲ್ಲಿಗೆ ದೃಷ್ಟಿ ಇಳಿಸಿದರು. ಆಮೇಲೆ ಬೈಕ್ ತಳ್ಳಿಕೊಂಡು ಹೋದರು.

ಬೈಕ್ ರಿಪೇರಿಯಾಗಿ ಬಂದ ಮೇಲೆ ಅವರು ನಿಲ್ಲುವುದನ್ನೇ ಬಿಟ್ಟರು. ಅಂಗಡಿಯ ಮುಂದೆ ಸೊಂಯ್ ಎಂದು ಹಾದುಹೋಗುವಾಗ ಒಂದು ಕೈ ಎತ್ತುತ್ತಿದ್ದರು, ಅಷ್ಟೇ. ಕೈ ಹಿಡಿದದ್ದೇ ತಪ್ಪಾಯಿತೇನೋ ಅನ್ನಿಸಿತು ನನಗೆ. ಯಾರದೋ ಶರ್ಟಿಗೆ ಕಾಲರನ್ನು ತಿರುವುಮುರುವಾಗಿ ಹೊಲಿದೆ. ಬಿಚ್ಚಿ ಮತ್ತೆ ಹಾಗೆಯೇ ಹೊಲಿದೆ. ಅವರೆಂದರೆ ನನಗೆ ಪ್ರಾಣ ಎಂಬುದು ಎರಡನೆಯ ಸಲ ಬಿಚ್ಚುವಾಗ ಖಾತ್ರಿಯಾಯಿತು.

"ಮುಖ ಊದಿಸ್ಕೊಂಡು ಕೂತ್ರೆ ಬೈಕ್ ನಿಲ್ಲುತ್ತೇನೇ? ಹೋಗಿ ಕೇಳು," ಎಂದರು ಚಿಕ್ಕಮ್ಮ.

ಮರುದಿನ ಬೈಕಿನ ಸದ್ದು ಕೇಳಿದ್ದೇ ತಡ, ಕೊರಳಲ್ಲಿ ಅಳತೆ ಟೇಪ್ ನೇತಾಡುತ್ತಿದ್ದಂತೆಯೇ ರಸ್ತೆಗಿಳಿದು ಅಡ್ಡ ನಿಂತೆ. ಅವರು ಬ್ರೇಕ್ ಹಾಕಿದರು. ಎಂಜಿನ್ ಮಾತ್ರ ಗುಡುಗುಡು.

"ನನ್ನ ಮೇಲೆ ಕೋಪಾನಾ?" ಕೂಗಿ ಕೇಳಿದೆ.

"ಅಯ್ಯೋ, ಇಲ್ಲಾರೀ. ಮೆಕ್ಯಾನಿಕ್ ಬೈದಿದ್ದಾನೆ," ಅವರೂ ಕೂಗಿದರು. "ಈ ಎಂಜಿನ್ನಿಗೆ ಓಡುವಾಗ ತಾಗೋ ಗಾಳೀನೇ ತಂಪಂತೆ. ಬಿಸಿಲಲ್ಲಿ ತೆವಳಿಸ್ಬೇಡ, ಆನ್ ಇಟ್ಕೊಂಡು ನಿಲ್ಲಬೇಡ. ಒಂದೋ ಓಡಿಸು, ಇಲ್ಲಾ ಆಫ್ ಮಾಡು ಅಂದ."

"ಮತ್ತೆ ಆಫ್ ಮಾಡೋಕೇನು ರೋಗ?"

ಅವರು ಹೆಲ್ಮೆಟ್ ತೆಗೆದರು. ಕಿವಿಗಳೆರಡೂ ಕೆಂಪಾಗಿದ್ದವು.

"ಆನ್ ಇದ್ರೆ, ಇಲ್ಲೇ ಹೋಗ್ತಿದ್ದೆ ಅನ್ನಬಹುದು. ಆಫ್ ಮಾಡಿದ್ರೆ ನಿಮ್ಮನ್ನ ನೋಡೋಕೇ ಬಂದೆ ಅಂತ ಆಗುತ್ತಲ್ಲ. ನೀವು ಬೇಡ ಅಂದ್ಬಿಟ್ರೆ?"

ಎಷ್ಟೊಂದು ಮಹಡಿಗಳ ಎತ್ತರದಲ್ಲಿ ನೇತಾಡಿ ಕೆಲಸ ಮಾಡುವ ಮನುಷ್ಯನಿಗೆ ಇಷ್ಟು ಭಯವೇ ಎಂದು ನಗು ಬಂತು, ಕಣ್ಣೂ ತುಂಬಿತು.

"ಆಫ್ ಮಾಡಿ," ಎಂದೆ.

ಅವರು ಕೀ ತಿರುಗಿಸಿದರು. ಬೀದಿಯೆಲ್ಲ ನಿಶ್ಶಬ್ದ. ಅವರು ಉಸಿರೆಳೆದುಕೊಂಡರು.

"ನೀವಂದ್ರೆ ನನಗೆ ತುಂಬಾ ಇಷ್ಟ ಕಣ್ರೀ."

ಪಾಪ, ಇಷ್ಟು ದಿನದ ರೂಢಿ. ಕೂಗಿಯೇ ಹೇಳಿಬಿಟ್ಟರು.

ಸಲೂನಿನಲ್ಲಿ ಕತ್ತರಿಯ ಸದ್ದು ನಿಂತಿತು. ಔಷಧಿ ಅಂಗಡಿಯವರು ಕೌಂಟರಿನಾಚೆಯಿಂದ ಬಗ್ಗಿ ನೋಡಿದರು. "ಅಂತೂ ಬಾಯಿಬಿಟ್ಟರು," ಎಂದರು ಒಳಗಿನಿಂದ ಚಿಕ್ಕಮ್ಮ.

ಅವರು ನಾಲಿಗೆ ಕಚ್ಚಿಕೊಂಡರು. ನಾನು ಹತ್ತಿರ ಹೋಗಿ, ಆ ಕೆಂಪು ಕಿವಿಯ ಬಳಿ ಬಗ್ಗಿ, ಮೆತ್ತಗೆ ಉತ್ತರ ಹೇಳಿದೆ.

ನಮ್ಮಿಬ್ಬರ ಮಾತಿನಲ್ಲಿ ಬೀದಿಗೆ ಕೇಳಿಸದೆ ಹೋದದ್ದು ಅದೊಂದೇ. ಏನು ಹೇಳಿದೆ ಎಂದು ಚಿಕ್ಕಮ್ಮ ಇಂದಿಗೂ ಕೇಳುತ್ತಾರೆ. ನಾನು ಹೇಳಿಲ್ಲ.