ಚಿಪ್ಪಿನ ಗಾಳ

"ಟಕ್!"

ಚಿಪ್ಪು ಮತ್ತೆ ಎರಡು ಹೋಳಾಯಿತು. ಯಾಸ್ನಾ ಕೈಯಲ್ಲಿದ್ದ ಕಲ್ಲನ್ನು ನೆಲಕ್ಕೆ ಎಸೆದಳು.

"ಥೂ, ಇದೂ ಹೋಯ್ತು!"

ತಾತ ಎವಾರಿಸ್ತೊ ಬಾಗಿಲ ಬಳಿ ಬಿಸಿಲಿಗೆ ಮೊಣಕಾಲು ಒಡ್ಡಿ ಕೂತಿದ್ದರು. ರೇಡಿಯೊ ಸದ್ದು ಕಡಿಮೆ ಮಾಡಿ ಇತ್ತ ತಿರುಗಿದರು. "ಏನವ್ವಾ, ಪಾಪ ಆ ಚಿಪ್ಪು ನಿಂಗೇನು ಮಾಡ್ತು?"

"ನಗಬೇಡಿ ತಾತಾ. ಶುಕ್ರವಾರದೊಳಗೆ ಗಾಳ ಆಗಬೇಕು. ಇಲ್ಲಾಂದ್ರೆ ನನ್ನ ಗ್ಲೌಸ್ ಹೋಗುತ್ತೆ."

"ಗಾಳ ತಾನೆ? ನನ್ನ ಡಬ್ಬಿ ತುಂಬ ಇವೆ. ತಗೋ."

"ಕಬ್ಬಿಣದ್ದಲ್ಲ! ಚಿಪ್ಪಿಂದು."

ಇದೆಲ್ಲ ಶುರುವಾದದ್ದು ಸೋಮವಾರ, ಕ್ಲಾಸಿನಲ್ಲಿ. "ಸಾವಿರಾರು ವರ್ಷದ ಹಿಂದೆ ಇದೇ ಕಡಲ ತೀರದಲ್ಲಿ ಜನ ಇದ್ದರು" ಎಂದು ಇಸ್ಮೇನಿಯಾ ಟೀಚರ್ ಹೇಳಿದ್ದರು. "ಅವರ ಹತ್ತಿರ ಕಬ್ಬಿಣ ಇರಲಿಲ್ಲ. ದೊಡ್ಡ ಕಪ್ಪು ಚಿಪ್ಪನ್ನು ಉಜ್ಜಿ ಉಜ್ಜಿ ಗಾಳ ಮಾಡ್ತಿದ್ದರು. ಬಳೆ ಥರ ದುಂಡಗೆ, ಒಂದು ಕಡೆ ಮಾತ್ರ ಬಾಯಿ ಬಿಟ್ಟ ಗಾಳ."

ಹಿಂದಿನ ಬೆಂಚಿನಿಂದ ಡಮಿಯಾನ್ ಕೂಗಿದ, "ಅದನ್ನ ನೋಡಿ ಮೀನು ನಕ್ಕೂ ನಕ್ಕೂ ಸತ್ತಿರುತ್ತೆ ಟೀಚರ್! ಹಂಗೇ ಸಿಕ್ತಿತ್ತೇನೋ!"

ಕ್ಲಾಸೆಲ್ಲ ನಕ್ಕಿತು. ಯಾಸ್ನಾಳಿಗೆ ಯಾಕೋ ಸಿಟ್ಟು ಬಂತು. ಆ ಜನರನ್ನು ಅವಳೇನೂ ನೋಡಿದವಳಲ್ಲ. ಆದರೂ ತನ್ನ ಮನೆಯವರನ್ನೇ ಯಾರೋ ಆಡಿಕೊಂಡಂತೆ ಅನ್ನಿಸಿತು.

"ನಾನು ಮಾಡಿ ತೋರಿಸ್ತೀನಿ. ಮೀನೂ ಹಿಡೀತೀನಿ!" ಎಂದುಬಿಟ್ಟಳು.

"ಶುಕ್ರವಾರದೊಳಗೆ?"

"ಶುಕ್ರವಾರದೊಳಗೆ!"

"ಆಗದಿದ್ರೆ ಇನ್ಮೇಲೆ ನಾನೇ ಗೋಲ್‌ಕೀಪರ್. ನಿನ್ನ ಗ್ಲೌಸೂ ನಂದೇ."

ಶಾಲೆಯ ತಂಡಕ್ಕೆ ಯಾಸ್ನಾಳೇ ಗೋಲ್‌ಕೀಪರ್. ಆ ನೀಲಿ ಗ್ಲೌಸ್ ಹಾಕಿಕೊಂಡರೆ ಅವಳಿಗೆ ತಾನು ಒಂದಿಷ್ಟು ಎತ್ತರವಾದಂತೆ ಅನ್ನಿಸುತ್ತಿತ್ತು.

ತಾತ ಎಲ್ಲ ಕೇಳಿಸಿಕೊಂಡರು. "ನಂಗೂ ಒಂದು ಚಿಪ್ಪು ಕೊಡು" ಎಂದರು. ವಯಸ್ಸಿನಲ್ಲಿದ್ದಾಗ ಅವರು ಕಡಲ ತಳಕ್ಕೆ ಮುಳುಗಿ ಚಿಪ್ಪು ಆರಿಸಿ ತರುತ್ತಿದ್ದವರು. ತಣ್ಣೀರಿನಲ್ಲಿ ಇದ್ದೂ ಇದ್ದೂ ಮೊಣಕಾಲು ಕೆಟ್ಟುಹೋಗಿತ್ತು. ಈಗ ಬಾಗಿಲು, ರೇಡಿಯೊ, ಹಾಸಿಗೆ ಇಷ್ಟೇ. ಬಂಡೆಗಳ ಕಡೆ ಹೋಗಿಯೇ ಎಷ್ಟೋ ಕಾಲವಾಗಿತ್ತು.

ತಾತ ಚಿಪ್ಪಿನ ಮೇಲೆ ಕಲ್ಲಿಟ್ಟು ಒತ್ತಿದರು.

"ಟಕ್!"

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ನಗು ತಡೆಯಲಾಗಲಿಲ್ಲ.

"ತಾತಾ, ನಿಮಗೂ ಬರಲ್ಲ!"

"ಬರಲ್ಲ ಕಣೇ. ಜೀವಮಾನವೆಲ್ಲ ಅಂಗಡಿ ಗಾಳದಲ್ಲೇ ಕಳೆದೋನು ನಾನು."

ಕುಟ್ಟಿದರೆ ಒಡೆಯುತ್ತದೆ ಎನ್ನುವುದಂತೂ ಗೊತ್ತಾಯಿತು. ಯಾಸ್ನಾ ಒಂದು ಚಪ್ಪಟೆ ಕಲ್ಲಿನ ಮೇಲೆ ನೀರು ಚಿಮುಕಿಸಿ, ಮರಳು ಉದುರಿಸಿ, ಮೆಲ್ಲಗೆ ಉಜ್ಜತೊಡಗಿದಳು. ಸರ್‍ರ್... ಸರ್‍ರ್... ಚಿಪ್ಪಿನ ಕಪ್ಪು ಸಿಪ್ಪೆ ಸವೆದು ಒಳಗಿನ ನೀಲಿ ಕಾಣಿಸಿತು. ನೀಲಿಯ ಕೆಳಗೆ ಮುತ್ತಿನ ಬಿಳುಪು.

ಸಂಜೆ ಕಡಲಿನಿಂದ ಮಂಜು ಎದ್ದು ಬಂತು. ದೋಣಿಗಳು ಮರೆಯಾದವು. ಆಚೆ ಮನೆಯೂ ಮರೆಯಾಯಿತು. ಉಳಿದದ್ದು ಕಲ್ಲು, ಚಿಪ್ಪು ಮತ್ತು ಎರಡು ಕೈ. ಉಜ್ಜುತ್ತಾ ಉಜ್ಜುತ್ತಾ ಯಾಸ್ನಾಳಿಗೆ ಡಮಿಯಾನ್ ಮರೆತುಹೋದ. ಶುಕ್ರವಾರವೂ ಮರೆತುಹೋಯಿತು. ಮಂಜಿನೊಳಗಿಂದ ಇನ್ನೊಂದು ಸದ್ದು ಕೇಳುತ್ತಿತ್ತು. ಅದೂ ಸರ್‍ರ್ ಸರ್‍ರ್ ಎಂದು ನಿಧಾನವಾಗಿ ಉಜ್ಜುವ ಸದ್ದೇ.

"ತಾತಾ, ನೀವೂ ಉಜ್ತಿದೀರಾ?"

ತಾತ ಕೂತಲ್ಲೇ ನಿದ್ದೆ ಹೋಗಿದ್ದರು. ಯಾಸ್ನಾ ಕಿವಿಗೊಟ್ಟು ಕೇಳಿದಳು. ಅಲೆ ಹಿಂದೆ ಸರಿಯುವಾಗ ದಡದ ಹರಳುಗಲ್ಲುಗಳು ಒಂದಕ್ಕೊಂದು ತಿಕ್ಕುತ್ತಿದ್ದವು.

"ಒಳಗೆ ಬಾರೇ, ಚಹಾ ಆರಿಹೋಗ್ತಿದೆ! ಬ್ರೆಡ್ಡೂ ಮುಗೀತು ನೋಡು!" ಎಂದು ಅಮ್ಮ ಕೂಗಿದಾಗಲೇ ಅವಳಿಗೆ ಎಚ್ಚರವಾದದ್ದು.

ಚಿಪ್ಪನ್ನು ದುಂಡು ಬಿಲ್ಲೆಯಾಗಿ ಸವೆಸಿ, ನಡುವೆ ಚೂಪು ಕಲ್ಲಿನಿಂದ ತೂತು ಕೊರೆದು, ಒಂದು ಪಕ್ಕ ಬಾಯಿ ಬಿಡಿಸಿದಳು. ಗುರುವಾರ ಗಾಳ ಸಿದ್ಧವಾಯಿತು. ಹೊಸ ಚಂದ್ರನನ್ನು ಇನ್ನೂ ಸ್ವಲ್ಪ ಬಾಗಿಸಿದ ಹಾಗಿತ್ತು. ಶಾಲೆ ಬಿಟ್ಟು ಓಡಿ ಬಂದವಳಿಗೆ ಆಶ್ಚರ್ಯ ಕಾದಿತ್ತು. ತಾತ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು!

"ನಡಿ, ನಾನೂ ಬರ್ತೀನಿ."

"ಮೊಣಕಾಲು?"

"ಅದನ್ನೂ ಕರ್ಕೊಂಡೇ ಬರ್ತೀನಿ, ಬಿಟ್ಟು ಬರೋಕಾಗುತ್ತಾ?"

ಯಾಸ್ನಾಳ ಹೆಗಲು ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಾ ತಾತ ಬಂಡೆಗಳ ತನಕ ಇಳಿದರು. ಹತ್ತಿ ದಾರಕ್ಕೆ ಗಾಳ ಕಟ್ಟಿದರು. ಭಾರಕ್ಕೆಂದು ಉದ್ದನೆಯ ಕಲ್ಲೊಂದನ್ನು ಬಿಗಿದರು. ಗಾಳಕ್ಕೆ ಏಡಿಯ ಮಾಂಸ ಸಿಕ್ಕಿಸಿದರು. ಯಾಸ್ನಾ ದಾರವನ್ನು ಬಂಡೆಗಳ ನಡುವಿನ ಹಸಿರು ನೀರಿಗೆ ಬಿಟ್ಟಳು.

ಬಹಳ ಹೊತ್ತು ಏನೂ ಆಗಲಿಲ್ಲ. ನೀರು ಏರಿತು, ಇಳಿಯಿತು. ಅವಳ ಉಸಿರೂ ಅದರ ಜೊತೆಗೇ ಏರುತ್ತಾ ಇಳಿಯುತ್ತಾ ಇತ್ತು.

ಆಗ ದಾರ ಜಗ್ಗಿತು.

"ತಾತಾ!"

"ಮೆಲ್ಲಗೆ! ಮೆಲ್ಲಗೆ ಕಣೇ, ಜಗ್ಗಬೇಡ!"

ನೀರು ಸೀಳಿಕೊಂಡು ಮೀನು ಮೇಲೆ ಬಂತು. ದಪ್ಪ ತುಟಿಯ ಬಂಡೆಮೀನು. ಊರಿನವರು ಅದನ್ನು 'ಮುದುಕಿ' ಎನ್ನುತ್ತಾರೆ. ತುಟಿಯ ಅಂಚಿನಲ್ಲಿ ಬಿಳಿ ಗಾಳ ಹೊಳೆಯುತ್ತಿತ್ತು. ಮುದುಕಿ ತನ್ನ ದುಂಡು ಕಣ್ಣಿನಿಂದ ಯಾಸ್ನಾಳನ್ನೇ ನೋಡಿತು.

ಅಷ್ಟರಲ್ಲಿ ಅಲೆಯೊಂದು ಬಂದು ಬಂಡೆಗೆ ಬಡಿಯಿತು. ದಾರ ಹಗುರಾಯಿತು. ತುದಿಯಲ್ಲಿ ಅರ್ಧ ಗಾಳ ಮಾತ್ರ ಉಳಿದಿತ್ತು.

ಯಾಸ್ನಾ ಅಲ್ಲೇ ಕುಸಿದು ಕೂತು ಜೋರಾಗಿ ಅತ್ತಳು.

"ಸಿಕ್ಕಿತ್ತು ಕಣವ್ವಾ. ನಾನೇ ಕಣ್ಣಾರೆ ನೋಡಿದ್ನಲ್ಲ" ಎಂದರು ತಾತ.

"ನೀವು ನೋಡಿದ್ರೆ ಏನು ಬಂತು? ಡಮಿಯಾನ್ ನೋಡಿಲ್ವಲ್ಲ!"

ವಾಪಸು ಬರುವಾಗ ಮನೆಗಳ ಹಿಂದಿನ ಏರಿನಲ್ಲಿ ತಾತನಿಗೆ ಕಾಲು ನೋವಾಯಿತು. ಇಬ್ಬರೂ ಕೂತರು. ಆ ಏರೆಲ್ಲ ಯಾವ ಕಾಲದವರೋ ತಿಂದು ಎಸೆದ ಹಳೆಯ ಚಿಪ್ಪಿನ ರಾಶಿ. ಮಕ್ಕಳು ರಟ್ಟಿನ ಮೇಲೆ ಕೂತು ಅಲ್ಲಿಂದ ಜಾರಿ ಆಡುತ್ತಿದ್ದರು. ಯಾಸ್ನಾ ಮೂಗು ಒರೆಸಿಕೊಂಡು ಸುಮ್ಮನೆ ತನ್ನ ಕಾಲ ಬಳಿ ನೋಡಿದಳು.

ಅಲ್ಲೊಂದು ಚೂರು ಬಿದ್ದಿತ್ತು. ಅರ್ಧ ಬಳೆಯಂತೆ ಬಾಗಿತ್ತು, ಅಂಚು ನುಣ್ಣಗಿತ್ತು.

ತನ್ನ ಮುರಿದ ಗಾಳವನ್ನು ಅದರ ಪಕ್ಕದಲ್ಲಿ ಇಟ್ಟಳು. ಎರಡೂ ಮುರಿದದ್ದು ಒಂದೇ ಜಾಗದಲ್ಲಿ, ಬಾಗಿದ ಭಾಗದ ಕೆಳಗೆ.

ಬಗ್ಗಿ ಹುಡುಕಿದಳು. ಇನ್ನೊಂದು ಸಿಕ್ಕಿತು. ಅದರಲ್ಲಿ ತೂತು ನಡುವೆ ಇರದೆ ಒಂದು ಪಕ್ಕಕ್ಕೆ ಜಾರಿತ್ತು. ಮತ್ತೊಂದು ಬರೀ ದುಂಡು ಬಿಲ್ಲೆ. ಯಾರೋ ತೂತು ಕೊರೆಯಲು ಶುರುಮಾಡಿ ಅರ್ಧಕ್ಕೇ ಬಿಟ್ಟಿದ್ದರು. ಇಷ್ಟು ವರ್ಷ ಇವುಗಳ ಮೇಲೆಯೇ ಅವಳು ಜಾರಿದ್ದಳು!

"ತಾತಾ, ಇವಳಿಗೂ ಅಳು ಬಂದಿರುತ್ತೆ ಅಲ್ವಾ?"

"ಯಾರಿಗೆ?"

"ಇದನ್ನ ಮಾಡ್ತಿದ್ದೋಳಿಗೆ."

"ಅವಳು ಹುಡುಗಿ ಅಂತ ನಿಂಗೆ ಯಾರು ಹೇಳಿದ್ರು?"

ಯಾಸ್ನಾ ನುಣ್ಣನೆಯ ಅಂಚನ್ನು ಬೆರಳಿನಿಂದ ಸವರಿದಳು. ಚೂರುಗಳನ್ನು ಎಲ್ಲಿದ್ದವೋ ಅಲ್ಲೇ ಇಟ್ಟಳು. ತಾತನ ಕೈ ಹಿಡಿದು, ಈ ಸಲ ರಾಶಿಯನ್ನು ತುಳಿಯದೆ ಸುತ್ತಿ ಬಳಸಿ ಮನೆಗೆ ನಡೆದಳು.

ಶುಕ್ರವಾರ ಗ್ಲೌಸನ್ನು ತಾನಾಗಿಯೇ ತೆಗೆದು ಕೊಟ್ಟಳು. ಅವಳು ಜಗಳ ಮಾಡುತ್ತಾಳೆಂದು ಕಾದಿದ್ದ ಡಮಿಯಾನ್ ಗ್ಲೌಸನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡಿದ.

"ಒಂದೂ ಸಿಗಲಿಲ್ವಾ?"

"ಸಿಕ್ಕಿತ್ತು. ಗಾಳ ಮುರೀತು."

"ಎಷ್ಟು ದೊಡ್ಡದು?"

ಯಾಸ್ನಾ ಎರಡೂ ಕೈ ಅಗಲಿಸಿ ತೋರಿಸಿದಳು. ಒಂದು ಕ್ಷಣ ಯೋಚಿಸಿ, ಕೈಗಳನ್ನು ಸ್ವಲ್ಪ ಹತ್ತಿರ ತಂದಳು.

ಡಮಿಯಾನ್ ನಗಲಿಲ್ಲ. "ಹೆಂಗೆ ಮುರೀತು?" ಎಂದ.

"ಶಾಲೆ ಬಿಟ್ಮೇಲೆ ಬಾ, ತೋರಿಸ್ತೀನಿ."

ಸಂಜೆ ಇಬ್ಬರೂ ಏರಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ಮಂಜು ಆಗ ತಾನೇ ಕಡಲು ಬಿಟ್ಟು ಮೇಲೇಳುತ್ತಿತ್ತು. ಯಾಸ್ನಾ ಒಂದೊಂದನ್ನೇ ಬೆರಳು ಮಾಡಿ ತೋರಿಸಿದಳು. ಅರ್ಧ ತೂತಿನ ಬಿಲ್ಲೆಯನ್ನು ಎತ್ತಿಕೊಳ್ಳಲು ಡಮಿಯಾನ್ ಕೈ ಚಾಚಿದ.

"ಮುಟ್ಟಬೇಡ ಕಣೋ" ಎಂದಳು ಯಾಸ್ನಾ ಪಿಸುದನಿಯಲ್ಲಿ. "ಅದಿನ್ನೂ ಮುಗಿದಿಲ್ಲ."

ಡಮಿಯಾನ್ ಮೆಲ್ಲಗೆ ಕೈ ಹಿಂದೆ ತೆಗೆದುಕೊಂಡ.