ಹೇಳದ ಹೆಸರು

"ಎಲ್ಲಾ ನಿಮ್ಮಮ್ಮನಿಂದ," ಎಂದಳು ಗೆಳತಿ, ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಳ್ಳುತ್ತಾ. "ಪೇಪರ್‌ನಲ್ಲಿ ಬರೀದೇ ಇದ್ದಿದ್ರೆ ಇಷ್ಟೊತ್ತಿಗೆ ಬಸ್ಸಲ್ಲಿ ಮನೆ ಸೇರಿರ್ತಿದ್ವಿ."

ಚಿನಕುರುಳಿ ತಲೆ ತಗ್ಗಿಸಿ ನಡೆದಳು. ಶಾಲೆ ಬಸ್ಸಿನ ಬ್ರೇಕ್ ಕೆಟ್ಟಿದೆ ಎಂದು ಅವಳ ಅಮ್ಮ ಪತ್ರಿಕೆಯಲ್ಲಿ ಬರೆದಿದ್ದೇ ತಡ, ಬಸ್ಸು ನಿಂತಿತು. ಈಗ ಬಿಸಿಲಲ್ಲಿ ಎಲ್ಲರಿಗೂ ನಟರಾಜ ಸರ್ವಿಸ್. ಮಕ್ಕಳನ್ನು ನಡೆಸಿಕೊಂಡು ಹೋಗಿ ಮನೆ ಮುಟ್ಟಿಸುವ ಕೆಲಸ ಡ್ರೈವರ್ ಮಾಮನ ತಲೆಗೆ ಬಿದ್ದಿತ್ತು.

"ನಿಮ್ಮಮ್ಮಂಗೆ ಹೇಳಿದ್ಯಾರು?" ಎಂದ ಏಳನೇ ಕ್ಲಾಸಿನ ಉದ್ದನೆಯ ಹುಡುಗ. "ಹೆಡ್ ಮಿಸ್ ಹುಡುಕ್ತಿದಾರೆ. ಸಿಕ್ಕಿದ್ರೆ ಕೆಲಸದಿಂದ ತೆಗೀತಾರಂತೆ."

ಚಿನಕುರುಳಿಗೆ ಗೊತ್ತಿತ್ತು. ಶಾಲೆಯಲ್ಲಿ ಹೇಳಿ ಹೇಳಿ ಸಾಕಾಗಿ ಡ್ರೈವರ್ ಮಾಮನೇ ಅವರ ಮನೆಗೆ ಬಂದಿದ್ದ. ಕೊಟ್ಟ ನೀರನ್ನೂ ಕುಡಿಯದೆ, ಎಲ್ಲ ಹೇಳಿ ಹೋಗಿದ್ದ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅದಕ್ಕೇ ಆ ಅಡ್ಡಹೆಸರು. ಈ ಒಂದು ಮಾತನ್ನು ಮಾತ್ರ ಹೇಗೋ ತಡೆದುಕೊಂಡಿದ್ದಳು.

"ಯಾರೋ ಮಾಡೋಕೆ ಕೆಲಸ ಇಲ್ಲದೋರು," ಎಂದ ಡ್ರೈವರ್ ಮಾಮ. "ಈ ಪೇಪರ್‌ನೋರೂ ಅಷ್ಟೇ. ಕಡ್ಡೀನ ಗುಡ್ಡ ಮಾಡ್ತಾರೆ."

ಮಕ್ಕಳೆಲ್ಲ ನಕ್ಕರು. ಚಿನಕುರುಳಿಗೆ ಮೈಯೆಲ್ಲ ಉರಿಯಿತು. ಹೇಳಿಯೇ ಬಿಡೋಣವೆಂದು ಬಾಯಿ ತೆರೆದಳು. ಮಾಮ ಅವಳತ್ತ ನೋಡಲಿಲ್ಲ. ಕೈಯಲ್ಲಿದ್ದ ಯಾವುದೋ ಪುಟ್ಟ ಮಗುವಿನ ವಾಟರ್ ಬಾಟಲಿನ ಬಿಗಿಯಾದ ಮುಚ್ಚಳವನ್ನೇ ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದ. ಅವಳು ಬಾಯಿ ಮುಚ್ಚಿದಳು.

ಮನೆಯಲ್ಲಿ ಅಮ್ಮ ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಗೆ ಒರಗಿದ್ದಳು. ಬೆಳಗಿನಿಂದ ಸುದ್ದಿಗಾಗಿ ಊರೆಲ್ಲ ಸುತ್ತಿ ಬಂದಿದ್ದಳು.

"ಡ್ರೈವರ್ ಮಾಮನೇ ನಿಂಗೆ ಹೇಳಿ, ಈಗ ಅವರೇ ನಿನ್ನ ಬೈಯೋದಾ, ಅಮ್ಮ? ಎಲ್ಲರೆದುರಿಗೆ?"

"ಬೈದ್ರಾ?" ಅಮ್ಮ ಕಣ್ಣು ಮುಚ್ಚಿದಳು. "ಸದ್ಯ. ಹಾಗಾದ್ರೆ ಯಾರಿಗೂ ಡೌಟ್ ಬಂದಿಲ್ಲ."

"ನಿಂಗೆ ಬೇಜಾರಾಗಲ್ವಾ?"

"ಆಗುತ್ತೆ ಕಣೇ. ಆದ್ರೆ ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದೀನಲ್ಲ. ಬೈಗುಳವೂ ಅದರ ಜೊತೆಗೇ ಬಂತು."

ಮರುದಿನ ಸಂಜೆ ಮತ್ತೆ ಅದೇ ನಡಿಗೆ. ಉದ್ದನೆಯ ಹುಡುಗ ಇದ್ದಕ್ಕಿದ್ದಂತೆ, "ಮಾಮ, ಹೆಡ್ ಮಿಸ್ಸಿಗೆ ನಿಮ್ಮ ಮೇಲೇ ಡೌಟಂತೆ," ಎಂದ.

ಡ್ರೈವರ್ ಮಾಮನ ಮುಖ ಬಿಳಿಚಿಕೊಂಡಿತು. "ನನ್ಮೇಲಾ? ಆ ಪೇಪರ್‌ನಮ್ಮನ ಮುಖ ಕಂಡ್ರೇ ನಂಗಾಗಲ್ಲ. ಸುಳ್ಳಿನ ಮೂಟೆ," ಎಂದ. ದನಿ ಅರ್ಧಕ್ಕೇ ಒಡೆಯಿತು.

ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

ಹೆತ್ತಮ್ಮನನ್ನು ಆಡಿಕೊಂಡಾಗ ನಗುವುದು ಸುಲಭವಲ್ಲ. ಆದರೂ ಮೊದಲು ನಕ್ಕವಳು ಚಿನಕುರುಳಿಯೇ, ಅದೂ ಗಟ್ಟಿಯಾಗಿ. ಅವಳೇ ನಕ್ಕಿದ್ದು ನೋಡಿ ಉಳಿದವರೂ ನಕ್ಕರು.