ಪೈಪಿನ ಪಕ್ಕದಲ್ಲಿ ಧೂಪ

ಬೆನ್ನಿಗೆ ಪಿಸ್ತೂಲು. ಮೂಗಿಗೆ ಕೊಳೆತ ಮೊಟ್ಟೆಯ ನಾತ.

ಪಿಸ್ತೂಲು ಕಾವಲುಗಾರ ಗದ್ಬಾನನದು. ನಾತ ನಮ್ಮ ಬಸ್ರಾದ ಎಣ್ಣೆ ಪೈಪಿನದು!

"ಡೇರೆ ಕಡೆ ಹೆಜ್ಜೆ ಇಟ್ರೆ ಹೊಡೆದು ಹಾಕ್ತೀನಿ, ಶನಾವಾ. ಮ್ಯಾನೇಜರ್ ಆರ್ಡರ್."

ಡೇರೆ ಕೆಳಗೆ ತಗ್ಗಿನಲ್ಲಿತ್ತು. ಒಳಗೆ ಬಾಗ್ದಾದಿನ ಅಧಿಕಾರಿಗಳು. ಅನ್ನದ ರಾಶಿಯ ಮೇಲೆ ಇಡೀ ಕುರಿ. ಪೈಪು ಸೋರಿ ಗ್ಯಾಸು ಅತ್ತಲೇ ಇಳಿಯುತ್ತಿತ್ತು. ನಾತ ಮುಚ್ಚಲು ಮ್ಯಾನೇಜರ್ ನೌಫಲ್ ಧೂಪ ತರಿಸುತ್ತಿದ್ದ. ಅಂದರೆ ಕೆಂಡ...

ಥೂ!

ಪೈಪು ಯಾಕೆ ಕೊಳೆಯುತ್ತದೆಂದು ಪತ್ತೆ ಮಾಡುವುದು ನನ್ನ ಕಸುಬು. ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾ ಇದರೊಳಗಿತ್ತು. ಅದರ ತುತ್ತು ಕಸಿಯಲೆಂದೇ ಇನ್ನೊಂದು ಜಾತಿಯದನ್ನು ನೈಟ್ರೇಟ್ ಉಣಿಸಿ ಬೆಳೆಸಿದ್ದೆ. ಪೈಪು ಗಟ್ಟಿಯಾಗಿತ್ತು. ಆದರೆ ಈ ಭೇಟಿಯ ಸುದ್ದಿ ಬಂದ ತಿಂಗಳೇ ನೌಫಲ್ ಒಳಗೆ ವಿಷ ಸುರಿಸಿದ. ಅತಿಥಿ ಬರುವ ಮನೆಯಲ್ಲಿ ಕ್ರಿಮಿ ಇದ್ದರೆ ಮಾನ ಹೋಗುತ್ತದಂತೆ! ಬೇಡವೆಂದು ಕಾಲು ಹಿಡಿಯುವುದೊಂದು ಬಾಕಿ. ನಾನು ಸಾಕಿದ್ದವೆಲ್ಲ ಸತ್ತವು. ಕಬ್ಬಿಣ ತಿನ್ನುವವು ಗಸಿಯ ಅಡಿಯಲ್ಲಿ ಅಡಗಿ ಉಳಿದವು. ಆಮೇಲೆ ಅವುಗಳಿಗೆ ಹೇಳುವವರು ಕೇಳುವವರು ಯಾರೂ ಇರಲಿಲ್ಲ. ಪೈಪು ತಿಂದು ತೂತು ಮಾಡಿದವು.

"ಗದ್ಬಾನ್, ಅಲ್ಲಿ ಬಡಿಸ್ತಿರೋದು ನಿನ್ನ ತಮ್ಮ ಅಲ್ವಾ?"

ಅವನು ಡೇರೆಯತ್ತ ಕತ್ತು ತಿರುಗಿಸಿದ.

"ಆ ಕೆಂಡ ಒಳಗೆ ಹೋದ್ರೆ ಕುರಿ ಜೊತೆ ಅವನೂ ಬೇಯ್ತಾನೆ. ಇಲ್ಲಿ ಗುಂಡು ಹಾರಿಸಿದ್ರೆ ಮೊದಲು ನಾವಿಬ್ರು."

ಪಿಸ್ತೂಲು ಬೆನ್ನಿನಿಂದ ಸರಿಯಿತು. ಅಷ್ಟು ಸಾಕಾಗಿತ್ತು. ವಾಲ್ವ್ ಮುಚ್ಚು ಎಂದು ಅವನಿಗೆ ಕೂಗಿ ಇಳಿಜಾರಿಗೆ ಧುಮುಕಿದೆ. ಮರಳು... ಡೇರೆಯ ಹಗ್ಗ... ಬಿದ್ದೆ, ಎದ್ದೆ. ಇಬ್ಬರು ಕಾವಲಿನವರು ಬೆನ್ನಟ್ಟಿದರು. ಒಬ್ಬನ ಕೈಗೆ ನನ್ನ ಅಂಗಿಯ ತೋಳಷ್ಟೇ ಹರಿದು ಸಿಕ್ಕಿತು.

ಧೂಪದ ಬಟ್ಟಲು ಹಿಡಿದವನು ಡೇರೆಯ ಬಾಗಿಲಲ್ಲಿದ್ದ. ಕೈಗೆ ಸಿಕ್ಕ ಮಜ್ಜಿಗೆಯ ಹಂಡೆ ಎತ್ತಿ ಕೆಂಡದ ಮೇಲೆ ಸುರಿದೆ. ಚುಂಯ್ ಎಂದಿತು. ಎಲ್ಲರೂ ಹೊರಗೆ ನಡೆಯಿರಿ, ಗಾಳಿ ಬರುವ ದಿಬ್ಬ ಹತ್ತಿ ಎಂದು ಅರಚಿದೆ. ಅಷ್ಟರಲ್ಲಿ ನಾತ ಒಳಗೆ ನುಗ್ಗಿತ್ತು. ತಿಂದ ಕುರಿಯೆಲ್ಲ ಬಾಗ್ದಾದಿನ ಸೂಟುಗಳ ಮೇಲೆ ವಾಪಸು ಬಂತು. ಓಡಿದರು, ಉರುಳಿದರು, ಬದುಕಿದರು. ಗದ್ಬಾನನ ತಮ್ಮನೂ.

ದಿಬ್ಬದ ಮೇಲೆ ನೌಫಲ್ ನನ್ನ ಕೊರಳಪಟ್ಟಿ ಹಿಡಿದ.

"ಅತಿಥಿಗಳ ಮುಂದೆ ನನ್ನ ಮಾನ ಕಳೆದ್ಯಲ್ಲೋ."

"ಅವರ ಪ್ರಾಣ ಉಳೀತು ಸಾರ್. ನೀವು ಪೈಪಿಗೆ ವಿಷ ಹಾಕ್ಸಿದ್ದಕ್ಕೇ ಇದೆಲ್ಲ."

"ವಿಷ ಹಾಕ್ಸಿದ್ದು ನಾನಲ್ಲ. ಪೈಪ್ ಕೊಳೆತಿರೋದು ನಂಗೆ ಗೊತ್ತೇ ಇರಲಿ..."

ಮಾತು ಮುಗಿಯಲಿಲ್ಲ. ನನ್ನ ಬೂಟಿನ ಮೇಲೆ ವಾಂತಿ ಮಾಡಿಕೊಂಡ.

ಆ ಬಾಯಿಂದ ಬಂದ ಮೊದಲ ನಿಜ ಅದು.